ಚೆನ್ನೆಮಣೆಯಲ್ಲಿ ಅಳೆದ ಮನಸ್ಸು

ಊರವರೇ ಬಂಡೆ ಒಡೆದು ಕಡಿದ ದಾರಿಯಲ್ಲಿ ಕೊಲ್ಲಮೊಗ್ರಿಗೆ ಮೊತ್ತಮೊದಲು ಬಸ್ಸು ಹತ್ತಿಸಿದವನು ಡ್ರೈವರ್ ಪದ್ಮಯ್ಯ. ಕೊನೆಯ ತಿರುವಿನಲ್ಲಿ ಚಕ್ರ ಜಾರಿತು. ಇದ್ದವರೆಲ್ಲ ಇಳಿದು ಚಕ್ರದಡಿಗೆ ಕಲ್ಲು ಕೊಟ್ಟರು. ಪದ್ಮಯ್ಯ ಮಾತ್ರ ಸ್ಟೇರಿಂಗ್ ಬಿಡಲಿಲ್ಲ. ಬಸ್ಸು ಮೇಲೇರಿದಾಗ ಹೆಂಗಸರು ಆರತಿ ಎತ್ತಿದರು.

ಆ ಕೀರ್ತಿಯೇ ಅವನಿಗೆ ಹೊರೆಯಾಯಿತು. ಆ ದಾರಿಗೆ ಪದ್ಮಯ್ಯನ ಕೈಯೇ ಆಗಬೇಕೆಂದು ಊರು ಹಠ ಹಿಡಿಯಿತು. ಬಸ್ಸಿನ ಧಣಿಗಳು ಅದನ್ನೇ ಗೌರವವೆಂದು ಬಗೆದು ವರ್ಷಗಟ್ಟಲೆ ರಜೆ ಕೊಡದಾದರು. ಈಗ ಅವನು ಕೆಲಸಕ್ಕೂ ಹೋಗದೆ, ಉಣ್ಣದೆ, ಮಾತಾಡದೆ, ಜಗಲಿಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿದ್ದಾನೆ.

ಮಳೆ ಹೊಯ್ಯುವ ಆಟಿ ತಿಂಗಳ ಒಂದು ಮಧ್ಯಾಹ್ನ ಕಂಡಕ್ಟರ್ ಕೃಷ್ಣಮೋಹನ ಧಣಿಗಳ ಮಾತು ತಂದ.

"ಪದ್ಮಯ್ಯಣ್ಣ, ನಾಳೆ ನೀವು ಬರ್ಲೇಬೇಕಂತೆ. ಬೇರೆಯವರು ಓಡಿಸಿದ್ರೆ ಜನ ಹತ್ತುದಿಲ್ಲ ಮಾರಾಯ್ರೆ."

"ಹೋಗದೆ ಎಂತ ಮಾಡ್ತಾನೆ?" ಎಂದಳು ತಾಯಿ ದುಗ್ಗಮ್ಮ, ಎಲೆಯಡಿಕೆ ಕುಟ್ಟುತ್ತ. "ಕೂತು ಕೂತು ಸೋಮಾರಿತನ ಹಿಡಿದದ್ದು, ಇಲ್ಲಾಂದ್ರೆ ದೈವದ ಮುನಿಸು."

ಹೆಂಡತಿ ಲೋಲಾಕ್ಷಿ ಒಳಗಿನಿಂದ ಹೊರಗೆ ಬಂದಳು. ಹಿಂದಿನ ಸಲ ಕಣಿವೆಯ ಅಂಚಿನಲ್ಲಿ ಗಂಡನ ಕೈ ನಡುಗಿ ಬಸ್ಸು ನಿಂತದ್ದನ್ನು ಕೃಷ್ಣಮೋಹನನೇ ಅವಳಿಗೆ ಗುಟ್ಟಾಗಿ ತಿಳಿಸಿದ್ದ. ನಾಳೆ ಹೋದರೆ ಬಸ್ಸಿನಲ್ಲಿದ್ದವರ ಗತಿಯೇನು, ಇವರ ಗತಿಯೇನು? ಪಕ್ಕದ ಮನೆಯ ಮಗುವಿಗೆ ಚುಚ್ಚುಮದ್ದು ಹಾಕಲು ಬಂದಿದ್ದ ನರ್ಸ್ ಈಶ್ವರಿಯನ್ನು ಅವಳು ಕೈಹಿಡಿದು ಕರೆತಂದಳು. ಈಶ್ವರಿ ಮಂಗಳೂರಿನಲ್ಲಿ ಮನೋವೈದ್ಯರೊಬ್ಬರ ಕೈಕೆಳಗೆ ದುಡಿದವಳು.

"ಎಂತ ಆಗ್ತದೆ ಪದ್ಮಯ್ಯಣ್ಣ?"

"ಎಂತ ಇಲ್ಲ."

ಪದ್ಮಯ್ಯ ಮತ್ತೆ ಗೋಡೆಗೆ ತಿರುಗಿದ. ಆಟಿಯ ಆಟಕ್ಕೆಂದು ಇಳಿಸಿದ್ದ ಸಾಲು ಗುಳಿಗಳ ಚೆನ್ನೆಮಣೆ ಜಗಲಿಯಲ್ಲೇ ಇತ್ತು. ಈಶ್ವರಿ ಅದನ್ನು ಅವನ ಮುಂದೆ ಎಳೆದಳು.

"ಬಾಯಿ ಬೇಡ, ಕೈ ಸಾಕು. ಈ ಎರಡು ವಾರದ್ದು ಕೇಳ್ತೇನೆ. ಇಲ್ಲ ಅಂತಾದ್ರೆ ಗುಳಿ ಖಾಲಿ ಬಿಡಿ. ಅಪರೂಪಕ್ಕೆ ಅಂತಾದ್ರೆ ಒಂದು ಕೆಂಪು ಮಂಜೊಟ್ಟಿ ಕಾಯಿ, ಹೆಚ್ಚಿನ ದಿನ ಅಂತಾದ್ರೆ ಎರಡು, ದಿನಾ ಅಂತಾದ್ರೆ ಮೂರು."

"ಚೆನ್ನೆಮಣೆಯಲ್ಲಿ ಸೀಕು ಸಿಕ್ತದಾ? ಹಾಗಾದ್ರೆ ನಾನೂ ನರ್ಸೇ," ಎಂದಳು ದುಗ್ಗಮ್ಮ.

"ಜ್ವರದ ಕಡ್ಡಿ ಮನಸ್ಸಿಗೆ ತಾಗುದಿಲ್ಲ ಅಜ್ಜಿ. ಅದನ್ನು ಕೇಳಿಯೇ ಅಳೆಯುದು."

ನಿದ್ದೆ ಕೆಡುತ್ತದೆಯೇ? ಊಟ ಬೇಡವಾಗುತ್ತದೆಯೇ? ಇಷ್ಟವಾಗಿದ್ದದ್ದು ಈಗ ಸಪ್ಪೆಯೇ? ಕೆಲಸಕ್ಕೆ ಹೊರಡುವಾಗ ಎದೆ ಹೊಡೆದುಕೊಳ್ಳುತ್ತದೆಯೇ? ಮಲಗಿ ಎದ್ದರೂ ದಣಿವು ಹೋಗದೇ? ಯಾವುದಕ್ಕೂ ಬಾರದವನು ಎನಿಸುತ್ತದೆಯೇ? ಒಂದೊಂದು ಪ್ರಶ್ನೆಗೂ ಗುಳಿ ಕೆಂಪಾಗುತ್ತ ಹೋಯಿತು. ಕೊನೆಯದನ್ನು ಈಶ್ವರಿ ಮೆಲ್ಲನೆ ಕೇಳಿದಳು: "ಇನ್ನು ಬದುಕುದು ಬೇಡ ಅಂತ ಅನಿಸಿದ್ದುಂಟಾ?"

ಪದ್ಮಯ್ಯ ಕಾಯಿಯನ್ನು ಬಹಳ ಹೊತ್ತು ಬೆರಳಲ್ಲೇ ಹಿಡಿದಿದ್ದ. ಆಮೇಲೆ ಗುಳಿಯಲ್ಲಿಟ್ಟ. ಒಂದೇ.

ದುಗ್ಗಮ್ಮನ ಕುಟ್ಟಾಣಿ ನಿಂತಿತು. "ಮಗಾ, ನನ್ನತ್ರ ಒಂದು ಮಾತು ಹೇಳ್ಬಾರ್ದಿತ್ತಾ?"

"ಆ ಬಸ್ಸು ಹತ್ತಿಸಿದವನಿಗೆ ಕೈ ನಡುಗ್ತದೆ ಅಂತ ಹೇಗೆ ಹೇಳುದು ಅಮ್ಮ?"

"ಇದು ಸೋಮಾರಿತನ ಅಲ್ಲ, ದೈವದ ಮುನಿಸೂ ಅಲ್ಲ," ಎಂದಳು ಈಶ್ವರಿ. "ಕೆಲಸದ ಭಾರಕ್ಕೆ ಮನಸ್ಸು ಕುಸಿದದ್ದು. ಮದ್ದು ಉಂಟು. ಆದ್ರೆ ಕಡೆಯ ಗುಳಿಯಲ್ಲಿ ಒಂದು ಕಾಯಿ ಬಿದ್ರೂ ಕಾಯ್ಲಿಕ್ಕಿಲ್ಲ. ನಾಳೆಯೇ ಮಂಗಳೂರಿಗೆ ಹೋಗುವ. ಅಲ್ಲಿವರೆಗೆ ಒಬ್ಬರನ್ನೇ ಬಿಡ್ಬೇಡಿ."

ದುಗ್ಗಮ್ಮ ಕಂಡಕ್ಟರನ ಕಡೆ ತಿರುಗಿದಳು. "ಧಣಿಗಳಿಗೆ ಹೇಳು. ನಾಳೆ ನನ್ನ ಮಗ ಬಸ್ಸಲ್ಲಿ ಕೂತು ಹೋಗ್ತಾನೆ, ಓಡಿಸ್ಲಿಕ್ಕಲ್ಲ. ಜನ ಹತ್ತದಿದ್ರೆ ನಡೀಲಿ."

ತಿಂಗಳುಗಟ್ಟಲೆ ಮದ್ದು ನಡೆಯಿತು, ವಿಶ್ರಾಂತಿ ಸಿಕ್ಕಿತು. ಈಶ್ವರಿಯ ಮಾತಿಗೆ ಒಪ್ಪಿ ಧಣಿಗಳು ಆ ದಾರಿಯನ್ನು ಇಬ್ಬರು ಡ್ರೈವರುಗಳಿಗೆ ಹಂಚಿದರು. ಆಟಿ ಕಳೆದರೆ ಚೆನ್ನೆಮಣೆ ಮುಟ್ಟಬಾರದೆನ್ನುತ್ತಿದ್ದ ದುಗ್ಗಮ್ಮನೇ ಅದನ್ನು ಅಟ್ಟದಿಂದ ಇಳಿಸಿ ಮಗನ ಮುಂದಿಟ್ಟಳು. ಈಶ್ವರಿ ಮತ್ತೆ ಅದೇ ಪ್ರಶ್ನೆಗಳನ್ನು ಕೇಳಿದಳು; ಈ ಸಲ ಕಾಯಿಗಳು ವಿರಳವಾಗಿದ್ದವು. ಕಡೆಯ ಗುಳಿ ಖಾಲಿ.

ಎಲ್ಲ ನೋಡುತ್ತ ಮೆಟ್ಟಿಲಲ್ಲಿ ನಿಂತಿದ್ದ ಕೃಷ್ಣಮೋಹನ ಹತ್ತಿರ ಬಂದ. "ನರ್ಸಕ್ಕ, ಆ ಪ್ರಶ್ನೆಗಳನ್ನು ಇನ್ನೊಮ್ಮೆ ಹೇಳ್ತೀರಾ?"

"ಯಾರಿಗೆ ಮಾರಾಯ?"

ಅವನು ಮಣೆಯ ಮುಂದೆ ತಾನೇ ಕುಳಿತ.

ದುಡಿಯುವ ಬಂಧುಗಳೇ, ನಿಮ್ಮ ಮನೆಯಲ್ಲಿ, ನಿಮ್ಮ ಕೆಲಸದ ಜಾಗದಲ್ಲಿ "ಎಂತ ಇಲ್ಲ" ಎನ್ನುವವರು ಯಾರಿದ್ದಾರೆ? ಅವರ ಬಳಿ ಕುಳಿತು ಇಂದೇ ಕೇಳಿ. ಉತ್ತರ ಭಾರವಾಗಿದ್ದರೆ ಜೊತೆಯಲ್ಲೇ ವೈದ್ಯರ ಬಳಿಗೆ ನಡೆಯಿರಿ.