ನಲವತ್ತೊಂದು ಹಲ್ಲು

ಕಾರಿನ ಎಂಜಿನ್ನನ್ನು ಮನೆಯಲ್ಲೇ ಬಿಚ್ಚುವುದು ಎಂದು ನಮ್ಮತ್ತೆ ತೀರ್ಮಾನಿಸಿದ್ದು ಶನಿವಾರ ಬೆಳಿಗ್ಗೆ, ಹಲ್ಲುಜ್ಜುವ ಹೊತ್ತಿನಲ್ಲಿ. ಮುಖ ಒರೆಸಿಕೊಂಡು ಬಂದವರೇ, "ಅಳಿಯಂದ್ರೇ, ಎರಡು ದಿನ ರಜೆ ಅಲ್ವಾ ನಿಮಗೆ? ಹಳೇ ಪ್ಯಾಂಟು ಹಾಕ್ಕೊಂಡು ಬನ್ನಿ," ಎಂದರು.

"ಯಾವ ಹಳೇದು ಅತ್ತೆ?" ಎಂದು ಕೇಳಿದೆ. ನನಗೆ ಇಂಥದ್ದೆಲ್ಲ ಸ್ಪಷ್ಟವಾಗಿ ಗೊತ್ತಾಗಬೇಕು.

"ಹಾಳಾದ್ರೆ ನೀವು ಅಳಬಾರ್ದು, ಅಂಥದ್ದು."

ನನ್ನ ಹೆಂಡತಿ ನರ್ಸು. ಸೋಮವಾರದಿಂದ ಅವಳಿಗೆ ಹೊಸ ಕೆಲಸ. ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಶುಶ್ರೂಷೆ ಮಾಡುವುದು, ಬೆಳಿಗ್ಗೆ ಆರೂವರೆಗೆ ಮೊದಲ ಮನೆ. ಸ್ವಂತ ವಾಹನ ಇರಲೇಬೇಕು ಎಂದು ನೇಮಕದ ಪತ್ರದ ಎರಡನೆಯ ಸಾಲಿನಲ್ಲೇ ಬರೆದಿತ್ತು. ಈ ಕೆಲಸಕ್ಕಾಗಿ ಅವಳು ಎರಡು ವರ್ಷ ಕಾದಿದ್ದಳು. ನಮ್ಮಲ್ಲಿದ್ದ ವಾಹನವೋ ಹದಿನೆಂಟು ವರ್ಷದ ಬೂದು ಬಣ್ಣದ ಕಾರು. ಎಂಜಿನ್ನಿನ ಮೇಲ್ಮುಚ್ಚಳದ ಅಂಚಿನಿಂದ ಎಣ್ಣೆ ಜಿನುಗಿ ಬಿಸಿ ಕೊಳವೆಯ ಮೇಲೆ ಬಿದ್ದು ಸುಟ್ಟ ವಾಸನೆ ಬರುತ್ತಿತ್ತು. ನೀರಿನ ಪಂಪು ತೊಟ್ಟಿಕ್ಕುತ್ತಿತ್ತು. ಇವೆರಡಕ್ಕಿಂತ ದೊಡ್ಡ ಭಯ ಟೈಮಿಂಗ್ ಬೆಲ್ಟಿನದು. ಬಾನೆಟ್ಟಿನ ಒಳಗೆ ಅತ್ತೆ ಅಂಟಿಸಿದ್ದ ಪಟ್ಟಿಯ ಪ್ರಕಾರ ಅದನ್ನು ಬದಲಾಯಿಸುವ ದಿನ ಕಳೆದು ಎರಡು ವರ್ಷವಾಗಿತ್ತು. ಗ್ಯಾರೇಜಿನವರು ಹತ್ತು ದಿನ ಕಾಯಿರಿ ಎಂದಿದ್ದರು.

"ಹೇಗೋ ಒಂದು ವಾರ ಓಡಿಸ್ತೀನಮ್ಮ," ಎಂದಳು ನನ್ನ ಹೆಂಡತಿ.

"ಅದು ನಡುದಾರೀಲಿ ಕಿತ್ಕೊಂಡ್ರೆ ಎಂಜಿನ್ನೇ ಪುಡಿಪುಡಿ. ಗಾಡಿ ಹೋಯ್ತು ಅಂದ್ರೆ ಕೆಲಸಾನೂ ಹೋಯ್ತು. ಸಾಮಾನು ತಂದು ಇಟ್ಟಿದ್ದೀನಿ. ನೀನು ಅಡುಗೆ ಮನೆ ನೋಡ್ಕೋ, ನಾವು ಅತ್ತೆ ಅಳಿಯ ಗಾಡಿ ನೋಡ್ಕೋತೀವಿ."

ಅತ್ತೆ ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಹಾಸಿಗೆಯ ಹೊದಿಕೆ ಮಡಚುವ ಕೆಲಸಕ್ಕೆ ಸೇರಿದವರು. ಮೂವತ್ತೊಂದು ವರ್ಷದ ನಂತರ ನಿವೃತ್ತರಾಗುವಾಗ ಅಲ್ಲಿನ ಅಷ್ಟೂ ಯಂತ್ರಗಳ ಉಸ್ತುವಾರಿ ಅವರದಾಗಿತ್ತು. ಯಾರೂ ಕಲಿಸಲಿಲ್ಲ. ಯಂತ್ರ ಕೆಟ್ಟಾಗ ಬರುತ್ತಿದ್ದ ಫಿಟ್ಟರನ ಬೆನ್ನ ಹಿಂದೆ ನಿಂತು ನೋಡುತ್ತಿದ್ದರಂತೆ, ಅಷ್ಟೇ. ನಾನು ಕಚೇರಿಯೊಂದರ ದಾಖಲೆ ಕೋಣೆಯ ಗುಮಾಸ್ತ. ಸಂಜೆ ಕಾಲೇಜಿನಲ್ಲಿ ಓದಿ ಪದವಿ ಮುಗಿಸುವಷ್ಟರಲ್ಲಿ ಮೂವತ್ತನಾಲ್ಕು ತುಂಬಿತ್ತು. ಹಗಲು ಓದಿದವರಿಗೆ ಗೊತ್ತಿರುವ ಏನೋ ಒಂದು ನನಗೆ ತಪ್ಪಿಹೋಗಿದೆ ಎಂಬ ಅನುಮಾನ ಇವತ್ತಿಗೂ ಹೋಗಿಲ್ಲ. ಅದಕ್ಕೇ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತೇನೆ. ತರಕಾರಿಗೆ ಹೋಗುವಾಗಲೂ ಜೇಬಿನಲ್ಲಿ ಚೀಟಿ. ಮನೆಯಲ್ಲಿ ನನ್ನ ಅಡ್ಡಹೆಸರೂ 'ಚೀಟಿ'ಯೇ.

ಆ ದಿನವೂ ಹೊಸ ನೋಟುಪುಸ್ತಕ ತೆಗೆದು 'ಹಂತ ಒಂದು' ಎಂದು ಬರೆದೆ. ಅತ್ತೆ ಬರೆಯಲಿಲ್ಲ. ದೊಡ್ಡ ರಟ್ಟಿನ ಹಾಳೆಯ ಮೇಲೆ ಎಂಜಿನ್ನಿನ ಮುಖವನ್ನು ಇದ್ದಹಾಗೆ ಚಿತ್ರಿಸಿದರು. ಬಿಚ್ಚಿದ ಒಂದೊಂದು ಬೋಲ್ಟನ್ನೂ ಆ ಚಿತ್ರದಲ್ಲಿ ಅದರದೇ ಜಾಗಕ್ಕೆ ಚುಚ್ಚಿ ನಿಲ್ಲಿಸಿದರು. ಮಧ್ಯಾಹ್ನದ ಹೊತ್ತಿಗೆ ರಟ್ಟಿನ ಮೇಲೆ ಇನ್ನೊಂದು ಎಂಜಿನ್ನೇ ನಿಂತಂತಿತ್ತು. ಒಂಬತ್ತು ಪುಟ ತುಂಬಿದ್ದ ನನ್ನ ಬರಹ ಅದರ ಮುಂದೆ ಸಪ್ಪೆಯಾಗಿ ಕಂಡಿತು.

ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಇಣುಕಿದರು. "ಏನಮ್ಮಾ, ಗುಜರಿಯವನಿಗೆ ಬಿಡಿಬಿಡಿಯಾಗಿ ಮಾರ್ತೀರಾ?"

"ನೀವೂ ಬನ್ನಿ ಮೇಷ್ಟ್ರೇ, ನಿಮ್ಮ ಮಂಡೀನೂ ಬಿಚ್ಚಿ ಎಣ್ಣೆ ಹಾಕಿ ಕೊಡ್ತೀನಿ," ಎಂದರು ಅತ್ತೆ ತಲೆ ಎತ್ತದೆ. ಮೇಷ್ಟ್ರು ನಗುತ್ತ ಮರೆಯಾದರು.

ಬೆಲ್ಟನ್ನು ತೆಗೆಯುವ ಮುಂಚೆ ಅತ್ತೆ ನನಗೆ ಅರ್ಥವಾಗುವ ಹಾಗೆ ಹೇಳಿದರು. ಕೆಳಗಿನ ಚಕ್ರ ಪಿಸ್ಟನ್ನುಗಳನ್ನು ಮೇಲಕ್ಕೆ ತಳ್ಳುತ್ತದೆ. ಮೇಲಿನ ಚಕ್ರ ವಾಲ್ವುಗಳನ್ನು ಕೆಳಕ್ಕೆ ಒತ್ತಿ ತೆರೆಯುತ್ತದೆ. "ಇಬ್ಬರೂ ಓಡಾಡೋದು ಒಂದೇ ಬಾಗಿಲಲ್ಲಿ. ಒಬ್ಬ ಬರುವಾಗ ಇನ್ನೊಬ್ಬ ಸರಿದಿರ್ಬೇಕು. ಆ ಸಮಯ ತಪ್ಪದ ಹಾಗೆ ನೋಡ್ಕೊಳ್ಳೋದೇ ಈ ಹಲ್ಲಿನ ಬೆಲ್ಟು. ತಪ್ತೋ, ತಲೆಗೆ ತಲೆ ಡಿಕ್ಕಿ."

ಮೇಲಿನ ಚಕ್ರದ ಮೇಲೆ ಎರಡು ಕಚ್ಚುಗಳಿದ್ದವು, ಎರಡು ಬೆರಳಿನ ಅಂತರದಲ್ಲಿ. ಒಂದು ನಮ್ಮ ಎಂಜಿನ್ನಿಗೆ, ಇನ್ನೊಂದು ಬೇರೆ ಮಾದರಿಗೆ. ಯಾವುದು ನಮ್ಮದು ಎಂದು ಅತ್ತೆ ಊಹಿಸಲಿಲ್ಲ. ಪ್ಲಗ್ಗಿನ ತೂತಿಗೆ ನನ್ನ ಹೆಂಡತಿಯ ಉದ್ದನೆಯ ಹೆಣಿಗೆ ಕಡ್ಡಿಯನ್ನು ಇಳಿಬಿಟ್ಟು ಕೆಳಗಿನ ಚಕ್ರವನ್ನು ಮೆಲ್ಲಗೆ ತಿರುಗಿಸಿದರು. ಪಿಸ್ಟನ್ನಿನ ಮೇಲೆ ಕೂತ ಕಡ್ಡಿ ಏರಿತು, ತುದಿಯಲ್ಲಿ ಒಂದು ಕ್ಷಣ ನಿಂತಿತು. "ಇಲ್ಲಿ. ಉಸಿರು ಕಟ್ಟಿದ್ದಾನೆ," ಎಂದು ಪಿಸುಗುಟ್ಟಿದರು. ಆಗ ಎಂಜಿನ್ನಿನ ಮೈಮೇಲಿನ ಗೀಟಿನ ನೇರಕ್ಕೆ ಬಂದು ನಿಂತ ಕಚ್ಚೇ ನಮ್ಮದು. ಆಮೇಲೆ ನನ್ನ ಕಚೇರಿಯ ಬಿಳಿ ವೈಟ್ನರ್ ಇಸಿದುಕೊಂಡು ಎರಡೂ ಚಕ್ರಗಳಿಗೆ, ಬೆಲ್ಟಿಗೆ ಗುರುತು ಹಾಕಿದರು. ಬೆಲ್ಟು ಕಳಚುವ ಮುಂಚೆ ನಾನು ಮೇಲಿನ ಗುರುತಿನಿಂದ ಕೆಳಗಿನ ಗುರುತಿಗೆ ಎಷ್ಟು ಹಲ್ಲು ಎಂದು ಎಣಿಸಿ ಬರೆದುಕೊಂಡೆ. ಯಾರೂ ಹೇಳಿರಲಿಲ್ಲ. ಹೆದರಿದಾಗ ಎಣಿಸುವುದು ನನ್ನ ಚಾಳಿ.

ಇಷ್ಟಾದ ಮೇಲೆ ಅತ್ತೆ, "ಸ್ವಲ್ಪ ಬೆನ್ನು ನೆಟ್ಟಗೆ ಮಾಡ್ಕೋತೀನಿ. ಮುಚ್ಚಳ ಕೂರೋ ಅಂಚನ್ನ ಒರೆಸಿಡಿ. ಸೋರದ ಹಾಗೆ ನಡುವೆ ಇಡೋ ಗ್ಯಾಸ್ಕೆಟ್ ಕೊಳೆ ಮೇಲೆ ಕೂರಲ್ಲ," ಎಂದು ಒಳಗೆ ಹೋದರು.

ಅಂಚನ್ನು ಒರೆಸಿಡಿ ಎಂದಿದ್ದರು. ನಾನು ಅಂಚನ್ನು ಒರೆಸಿದೆ. ಅದು ಹೊಳೆಯತೊಡಗಿದಾಗ ಅದರ ಪಕ್ಕದ ಕೊಳೆ ಕಣ್ಣು ಚುಚ್ಚಿತು. ಪೆಟ್ರೋಲು, ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಪೂರ್ತಿ ಒಂದೂವರೆ ಗಂಟೆ ಕೂತೆ. ಹಳೆಯ ಬೆಲ್ಟನ್ನೂ ತೊಳೆದೆ, ಎಸೆಯುವ ಬೆಲ್ಟನ್ನು. ಕೊನೆಗೆ ಮೇಲಿನ ಚಕ್ರವನ್ನು ಬಟ್ಟೆಯಿಂದ ಒತ್ತಿ ಉಜ್ಜುವಾಗ ಅದು ಟಕ್ ಎಂದು ತಾನಾಗಿ ಹೊರಳಿತು.

ಆಗ ನೋಡಿದೆ. ಬಿಳಿ ಗುರುತು ಎಲ್ಲೂ ಇರಲಿಲ್ಲ.

ಒಳಗೆ ಹೋಗಿ ಹೇಳಿಬಿಡಬೇಕಿತ್ತು. ಬಾಗಿಲವರೆಗೆ ಹೋದೆ ಕೂಡ. ಅತ್ತೆ ಚಾಪೆಯ ಮೇಲೆ, ಎಣ್ಣೆಯ ಕೈಗಳನ್ನು ಬಟ್ಟೆಗೆ ತಾಗದಂತೆ ಮೇಲಕ್ಕೆ ಚಾಚಿಕೊಂಡು ನಿದ್ದೆ ಹೋಗಿದ್ದರು. ವಾಪಸು ಬಂದು, ಯಾವ ಕಚ್ಚು ಎಂದು ಬರೆದುಕೊಂಡಿರದೆ, ಎರಡರಲ್ಲಿ ಇದೇ ಇರಬೇಕು ಎನ್ನಿಸಿದ್ದನ್ನು ಗೀಟಿನ ನೇರಕ್ಕೆ ತಂದು, ಅದಕ್ಕೂ ಕದಲದೆ ಇದ್ದ ಕೆಳಗಿನ ಚಕ್ರಕ್ಕೂ ವೈಟ್ನರ್ ಹಚ್ಚಿದೆ. ನಾನು ಯಾವತ್ತೂ ದಾಖಲೆ ತಿದ್ದಿದವನಲ್ಲ. ಅವತ್ತು ತಿದ್ದಿದೆ.

"ಅಯ್ಯೋ, ಮದುವೆಗೆ ಸಿಂಗಾರ ಮಾಡಿಬಿಟ್ಟಿದ್ದೀರಲ್ಲ!" ಎಂದರು ಅತ್ತೆ ಎದ್ದು ಬಂದು. ನಾನು ಬ್ರಷ್ಷು ತೊಳೆಯುವ ನೆಪದಲ್ಲಿ ಮುಖ ತಿರುಗಿಸಿದೆ.

ಸಂಜೆ ಪಂಪಿನ ಕೆಲಸ. ಅದರ ಗ್ಯಾಸ್ಕೆಟ್ ಸಿಕ್ಕಿರಲಿಲ್ಲ. ಅತ್ತೆ ದಪ್ಪ ಗ್ಯಾಸ್ಕೆಟ್ ಕಾಗದವನ್ನು ಪಂಪಿನ ಬಾಯಿಯ ಮೇಲಿಟ್ಟು, ಪುಟ್ಟ ಸುತ್ತಿಗೆಯಿಂದ ಅಂಚಿನ ಗುಂಟ ಟಿಕ್ ಟಿಕ್ ಎಂದು ತಟ್ಟುತ್ತ ಹೋದರು. ಕತ್ತರಿ ಮುಟ್ಟಲಿಲ್ಲ. ಲೋಹದ ಅಂಚೇ ಕಾಗದವನ್ನು ಕೊರೆಯಿತು. ಕಾಲು ಗಂಟೆಯಲ್ಲಿ ಪಂಪಿನ ಬಾಯಿ ಹೇಗಿತ್ತೋ ಹಾಗೆಯೇ, ಬೋಲ್ಟಿನ ತೂತುಗಳ ಸಮೇತ, ಒಂದು ಕಾಗದದ ಉಂಗುರ ಅವರ ಅಂಗೈ ಮೇಲಿತ್ತು. "ಅಳತೆ ತಗೊಳ್ಳೋದು ಬೇಡ. ಅವನೇ ತನ್ನ ಅಂಗಿ ತಾನೇ ಕತ್ತರಿಸ್ಕೋತಾನೆ," ಎಂದರು. ನನ್ನ ಮನಸ್ಸಿನ ಕಳ್ಳತನದ ನಡುವೆಯೂ ಕಣ್ಣು ಕೀಳಲಾಗಲಿಲ್ಲ. ಇಷ್ಟು ಚೆನ್ನಾಗಿ ಕೆಲಸ ಬಲ್ಲವರ ಪಕ್ಕದಲ್ಲಿ ಸುಳ್ಳು ಗುರುತು ಹಾಕಿ ಕೂತಿದ್ದೇನಲ್ಲ ಎಂದು ನಾಚಿಕೆಯಾಯಿತು. ಆದರೂ ಹೇಳಲು ಬಾಯಿ ಬರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಹೊಸ ಬೆಲ್ಟು ಗುರುತಿಗೆ ಗುರುತು ಕೂಡಿಸಿ ಕೂತಿತು. ನನ್ನ ಹೆಂಡತಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, "ಕೀ ತರ್ಲಾ?" ಎಂದಳು.

"ಈಗಲೇ ಎಂಥ ಕೀ? ಮೊದಲು ಕೈಲಿ ಎರಡು ಸುತ್ತು," ಎಂದರು ಅತ್ತೆ.

ಕೆಳಗಿನ ಚಕ್ರಕ್ಕೆ ಉದ್ದನೆಯ ಸ್ಪ್ಯಾನರ್ ಹಾಕಿ, ಎಳೆಗೂಸಿನ ಕುತ್ತಿಗೆಗೆ ಕೈ ಆನಿಸಿದವರ ಹಾಗೆ ಮೆತ್ತಗೆ ಎಳೆದರು. ಕಾಲು ಸುತ್ತು ಆಗಿರಲಿಲ್ಲ, ಅವರ ಕೈ ನಿಂತಿತು. ಬಲ ಹಾಕಲಿಲ್ಲ. ಕಣ್ಣು ಮುಚ್ಚಿ ಇನ್ನೊಮ್ಮೆ ಕೂದಲೆಳೆಯಷ್ಟು ಒತ್ತಿ, ಬಿಟ್ಟರು.

"ಏನೋ ತಾಗ್ತಿದೆ. ಗಟ್ಟಿಯಾಗಿ. ಗುರುತೆಲ್ಲ ಸರಿ ಇದೆಯಲ್ಲ..."

"ಗುರುತು ನಿಮ್ಮದಲ್ಲ ಅತ್ತೆ," ಎಂದೆ.

ಎಲ್ಲ ಹೇಳಿದೆ. ಒರೆಸಿದ್ದು, ಚಕ್ರ ಹೊರಳಿದ್ದು, ಬಾಗಿಲವರೆಗೆ ಬಂದು ತಿರುಗಿ ಹೋದದ್ದು, ವೈಟ್ನರ್. ಹೆಂಡತಿ ಹಣೆ ಚಚ್ಚಿಕೊಂಡಳು. "ಹಳೇ ಬೆಲ್ಟಲ್ಲಿ ಗುರುತು ಇರುತ್ತಲ್ಲ, ಅದನ್ನ ನೋಡಿ!"

"ಅದನ್ನೂ ತೊಳೆದೆ."

"ಅದನ್ನ್ಯಾಕೆ ತೊಳೆದ್ರಿ?"

"ಕೊಳೆಯಾಗಿತ್ತು."

ಅತ್ತೆಯ ಹೊಟ್ಟೆ ಕುಲುಕತೊಡಗಿತು. ಕಾರಿಗೆ ಒರಗಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ನಗು ನಿಂತಾಗ ಅವರ ಮುಖ ಗಂಭೀರವಾಗಿತ್ತು.

"ಅದೇ ಕೀ ತಿರುಗಿಸಿದ್ದಿದ್ರೆ ಎಂಟು ವಾಲ್ವೂ ಬಾಗಿ, ಇವಳ ಕೆಲಸ ಅಲ್ಲಿಗೇ ಮುಗೀತಿತ್ತು. ಒರೆಸಿದ್ದಕ್ಕೆ ಬೈಯಲ್ಲ. ಹೇಳ್ದೆ ಇದ್ದದ್ದು ತಪ್ಪು."

"ಹೌದು."

"ನಂದೂ ತಪ್ಪೇ. ಮುಚ್ಚಳ ತೆಗೆದೇ ಇತ್ತು, ಒಳಗೆ ನೋಡದೆ ಬರೀ ಬಣ್ಣ ನಂಬಿ ಬೆಲ್ಟು ಹಾಕಿದೆ. ಬಾ, ಇಲ್ಲಿ ಕೂತ್ಕೋ."

ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅವರು ನನ್ನನ್ನು 'ಬಾ' ಎಂದದ್ದು ಅದೇ ಮೊದಲು.

ಬಿಗಿದದ್ದನ್ನೆಲ್ಲ ಅತ್ತೆ ಮತ್ತೆ ಬಿಚ್ಚಿದರು. ಕೋಪದಿಂದಲ್ಲ, ಅವಸರದಿಂದಲೂ ಅಲ್ಲ. ಪ್ರತಿ ಬೋಲ್ಟೂ ರಟ್ಟಿನಲ್ಲಿ ತನ್ನ ಜಾಗಕ್ಕೆ ವಾಪಸು ಹೋಯಿತು. ಮೊದಲು ಕೆಳಗಿನ ಚಕ್ರವನ್ನು ಗುರುತಿನಿಂದ ಕಾಲು ಸುತ್ತು ಹಿಂದಕ್ಕೆ ತಂದು ಎಲ್ಲ ಪಿಸ್ಟನ್ನುಗಳನ್ನೂ ಅವುಗಳ ದಾರಿಯ ನಡುವೆ ನಿಲ್ಲಿಸಿದರು. "ಈಗ ಬಾಗಿಲು ಖಾಲಿ. ಮೇಲಿನವನು ಹೇಗೆ ಹೊರಳಿದ್ರೂ ಯಾರಿಗೂ ತಾಗಲ್ಲ." ಮೇಲಿನ ಚಕ್ರವನ್ನು ತಿರುಗಿಸುತ್ತ, ತೆರೆದ ಎಂಜಿನ್ನಿನೊಳಗೆ ಟಾರ್ಚು ಬಿಟ್ಟು, ವಾಲ್ವುಗಳನ್ನು ಒತ್ತುವ ಮೊಟ್ಟೆಯಾಕಾರದ ಉಬ್ಬುಗಳನ್ನು ತೋರಿಸಿದರು. ಮೊದಲ ಪಿಸ್ಟನ್ನಿನ ಎರಡು ಉಬ್ಬುಗಳೂ ಮೂಗು ಮೇಲೆ ಮಾಡಿ, ಎಡಕ್ಕೊಂದು ಬಲಕ್ಕೊಂದು ಸಮನಾಗಿ ವಾಲಿದಾಗ ನಿಲ್ಲಿಸಿದರು. ಆಗ ನೇರಕ್ಕೆ ಬಂದು ನಿಂತದ್ದು ನಾನು ಬಣ್ಣ ಹಚ್ಚಿದ್ದ ಕಚ್ಚಲ್ಲ, ಇನ್ನೊಂದು. ಹೆಣಿಗೆ ಕಡ್ಡಿ ಮತ್ತೆ ಇಳಿಯಿತು, ಏರಿತು, ನಿಂತಿತು. ಯಾವ ಗುರುತೂ ಇಲ್ಲದೆ, ಯಂತ್ರವನ್ನೇ ಕೇಳಿ ಕೇಳಿ ಉತ್ತರ ಪಡೆಯುತ್ತಿದ್ದರು. ಸಂಜೆ ಕಾಲೇಜಿನ ಆರು ವರ್ಷದಲ್ಲಿ ಅಂಥ ಪಾಠ ನಾನು ಕೇಳಿರಲಿಲ್ಲ.

ಬೆಲ್ಟು ಕೂತ ಮೇಲೂ ಅತ್ತೆ ಹುಬ್ಬು ಗಂಟಿಕ್ಕಿದರು. "ಕಣ್ಣಿಗೆ ಸರಿ ಅನ್ನಿಸ್ತಿದೆ. ಆದ್ರೆ ಒಂದು ಹಲ್ಲು ಆಚೆ ಈಚೆ ಆದ್ರೆ ಕಣ್ಣಿಗೆ ಗೊತ್ತಾಗಲ್ಲ. ಇನ್ನೊಂದು ಸಾಕ್ಷಿ ಇದ್ದಿದ್ರೆ..."

ನಾನು ನೋಟುಪುಸ್ತಕ ತೆಗೆದೆ. "ಹಲ್ಲು ಎಣಿಸಿದ್ದೆ. ಮೇಲಿಂದ ಕೆಳಕ್ಕೆ. ಮೂರು ಸಲ."

"ಎಷ್ಟು?"

"ನಲವತ್ತೊಂದು. ನಲವತ್ತೊಂದು. ಮೂರನೇ ಸಲ ನಲವತ್ತೆರಡು ಬಂತು. ಅದಕ್ಕೆ 'ಬಹುಶಃ ನಲವತ್ತೊಂದು' ಅಂತ ಬರೆದಿದ್ದೀನಿ."

"ಬಹುಶಃ!" ಎಂದಳು ಹೆಂಡತಿ.

"ಸುಮ್ನಿರೇ. ಅನುಮಾನ ಇದ್ದದ್ದನ್ನೂ ಬರೆದಿಟ್ಟಿದ್ದಾನೆ, ಅದಕ್ಕೇ ನಂಬ್ತೀನಿ." ಅತ್ತೆ ಹೊಸ ಬೆಲ್ಟಿನ ಮೇಲೆ ಬೆರಳಿಟ್ಟು ಒಂದೊಂದೇ ಹಲ್ಲು ಎಣಿಸಿದರು, ತುಟಿ ಮಾತ್ರ ಅಲುಗುತ್ತಿತ್ತು. ಬೆರಳು ಕೆಳಗಿನ ಚಕ್ರದ ಗುರುತಿನ ಬಳಿ ನಿಂತಿತು.

"ನಲವತ್ತೊಂದು," ಎಂದು ಸ್ಪ್ಯಾನರನ್ನು ನನ್ನ ಕೈಗೆ ಕೊಟ್ಟರು. "ತಿರುಗಿಸು."

"ನಾನಾ? ತಪ್ಪಾಗಿದ್ರೆ?"

"ತಪ್ಪಾಗಿದ್ರೆ ಕೈಗೆ ಗೊತ್ತಾಗುತ್ತೆ. ಅದಕ್ಕೇ ಕೈಲಿ ತಿರುಗಿಸೋದು. ತಾಗಿದ್ರೆ ನಿಲ್ಲಿಸು. ನಿನ್ನಷ್ಟು ಹೆದರೋನು ಬಲ ಹಾಕಲ್ಲ, ಅದು ನನಗೆ ಧೈರ್ಯ."

ಎಳೆದೆ. ಕಾಲು ಸುತ್ತು. ಅರ್ಧ. ಒಳಗೆ ಸ್ಪ್ರಿಂಗುಗಳು ಬಿಗಿದು, ಸಡಿಲಗೊಂಡು, ಮತ್ತೆ ಬಿಗಿಯುತ್ತಿದ್ದವು. ಗಟ್ಟಿಯಾಗಿ ಏನೂ ತಾಗಲಿಲ್ಲ. ಒಂದು ಸುತ್ತು. ಎರಡು. ಮೇಲಿನ ಕಚ್ಚು ಎಲ್ಲಿ ಹೊರಟಿತ್ತೋ ಅಲ್ಲಿಗೇ ಬಂದು ನಿಂತಿತು. ನಾಲ್ಕು ಗಂಟೆಗೆ ಮುಚ್ಚಳಗಳು ಹೊಸ ಗ್ಯಾಸ್ಕೆಟ್ಟಿನ ಮೇಲೆ ಕೂತವು. ರಟ್ಟಿನ ಹಾಳೆಯಲ್ಲಿ ಬರೀ ತೂತುಗಳು ಉಳಿದವು. ರೇಡಿಯೇಟರಿಗೆ ನೀರು ತುಂಬಿದೆವು. ಹೆಂಡತಿ ಕೀ ತಿರುಗಿಸಿದಳು. ಎಂಜಿನ್ನು ಒಂದೇ ಸಲಕ್ಕೆ ಹಿಡಿಯಿತು. ಅವಳು ಹಾರ್ನ್ ಒತ್ತಿ ಕೂಗಿದಳು. ಅತ್ತೆ ಮಾತ್ರ ಕಿವಿ ಬಾಗಿಸಿ ಕೇಳುತ್ತ ನಿಂತಿದ್ದರು, ಹತ್ತು ನಿಮಿಷ. ಆಮೇಲೆ ವೈಟ್ನರ್ ತೆಗೆದು, ಬಾನೆಟ್ಟಿನ ಒಳಗಿನ ಪಟ್ಟಿಯ ಪಕ್ಕ, ಲೋಹದ ಮೇಲೆ ತಾರೀಖು ಬರೆದು, ಅದರ ಕೆಳಗೆ ಸೇರಿಸಿದರು: 'ನಲವತ್ತೊಂದು. ಎಣಿಸಿದ್ದು ಚೀಟಿ.'

ಸೋಮವಾರ ಆರು ಗಂಟೆಗೆ ಕಾರು ಗೇಟು ದಾಟಿ, ಮೂಲೆಯಲ್ಲಿ ತಿರುಗಿ ಹೋಯಿತು. ನಾನು ಶಬ್ದ ಕೇಳಿಸುವಷ್ಟು ಹೊತ್ತೂ ಕಿವಿ ಕೊಟ್ಟು ನಿಂತಿದ್ದೆ. ಹಿಂದೆ ತಿರುಗಿದರೆ, ಅತ್ತೆ ಕಾರು ನಿಂತಿದ್ದ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಹಿಂದಿನ ದಿನ ಎಂಜಿನ್ನಿನ ಕೆಳಗೆ ಹಾಸಿದ್ದ ಬಿಳಿ ಕಾಗದವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಬಾ, ಮುಟ್ಟಿ ನೋಡು."

ಮುಟ್ಟಿದೆ. ಎಣ್ಣೆಯಿಲ್ಲ, ನೀರಿಲ್ಲ. ಬೆರಳು ಒಣಗೇ ಇತ್ತು. ಕಾಗದ ವಾಪಸು ಕೊಡಲು ಹೋದವನು ಯಾಕೋ ಅನುಮಾನವಾಗಿ ಕೈ ತಡೆದೆ.

"ಇನ್ನೊಂದ್ಸಲ ನೋಡು," ಎಂದರು ಅತ್ತೆ, ಕಾಗದವನ್ನು ನನ್ನ ಕೈಯಲ್ಲೇ ಬಿಟ್ಟು ಏಳುತ್ತ. "ನಾನು ಆಗಲೇ ಎರಡು ಸಲ ನೋಡಿದೆ."