ಲೂಪೆಗೆ ಒಂದು ಬೆರಳು ಕಡಿಮೆ

ಬಿಳಿ ಭಾನುವಾರದ ಬಟ್ಟೆ ಹೊಲಿಯುವವಳು ನಾನೇ. ಅಕ್ಟೋಬರ್‌ನ ಎರಡನೆಯ ಭಾನುವಾರ ನಮ್ಮ ಸಮೋವಾ ಚರ್ಚಿನ ಮಕ್ಕಳೆಲ್ಲ ಮೈತುಂಬ ಬಿಳಿ ಉಟ್ಟು, ಬೈಬಲಿನ ಮಾತು ಬಾಯಿಪಾಠ ಒಪ್ಪಿಸುತ್ತಾರೆ. ಆಸ್ಟ್ರೇಲಿಯಾದ ನಮ್ಮ ಊರು ಲೋಗನ್‌ನ ಅರ್ಧದಷ್ಟು ಮಕ್ಕಳ ಅಳತೆ ನನ್ನ ಟೇಪಿಗೆ ಗೊತ್ತು. ಹಾಗಾಗಿ ಮೊಮ್ಮಗಳು ಲೂಪೆಯ ಎತ್ತರ ನೂರ ಒಂಬತ್ತು ಸೆಂಟಿಮೀಟರ್ ಎಂಬುದು ಪೆಲಿಕನ್ ಪಾರ್ಕಿಗೆ ಹೊರಡುವ ನಾಲ್ಕು ದಿನ ಮೊದಲೇ ನನಗೆ ಗೊತ್ತಿತ್ತು. ಇದನ್ನು ಈಗಲೇ ಹೇಳಿಬಿಡುತ್ತೇನೆ. ಆಮೇಲೆ ಮುದುಕಿ ಮುಚ್ಚಿಟ್ಟಳು ಅನ್ನಬಾರದು.

ಆ ಪಾರ್ಕಿನಲ್ಲಿ ಶಾರ್ಕ್ ರೈಲು ಅಂತ ಒಂದಿದೆ. ಗಡಗಡ ಸದ್ದು ಮಾಡುತ್ತಾ ಏರಿ, ತುದಿಯಲ್ಲಿ ಒಂದು ಕ್ಷಣ ನಿಂತು, ಧೊಪ್ಪನೆ ಕೆಳಗೆ ಬೀಳುತ್ತದೆ. ಅದನ್ನು ಹತ್ತಲು ನೂರ ಹತ್ತು ಸೆಂಟಿಮೀಟರ್ ಬೇಕು, ಜೊತೆಗೆ ದೊಡ್ಡವರೊಬ್ಬರು ಇರಬೇಕು. ಏಳು ವರ್ಷದ ಲೂಪೆ ಅದರ ಚಿತ್ರವನ್ನು ಹಾಸಿಗೆಯ ಪಕ್ಕ ಅಂಟಿಸಿಕೊಂಡು ಒಂದು ವರ್ಷವಾಗಿತ್ತು. ಬೇಗ ಬೆಳೆಯಬೇಕೆಂದು ದಿನಾ ಬೆಳಿಗ್ಗೆ ಒಂದು ಮೊಟ್ಟೆ ತಿನ್ನುತ್ತಿದ್ದಳು. ಶಾಲೆಯಿಂದ ಬಂದವಳೇ ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ಕಂಬಿಗೆ ಜೋತುಬೀಳುತ್ತಿದ್ದಳು. ಕಂಬಿ ಬಗ್ಗಿತೇ ಹೊರತು ಹುಡುಗಿ ಉದ್ದವಾಗಲಿಲ್ಲ.

ಅವಳ ತಮ್ಮ ಪೆನಿಯದು ಬೇರೆಯೇ ಕಥೆ. ಐದು ತುಂಬುವ ಮೊದಲೇ ನೂರ ಹದಿನಾರು ದಾಟಿದ್ದ. ನಮ್ಮ ವಂಶದ ಮೈಕಟ್ಟೆಲ್ಲ ಅವನೊಬ್ಬನಿಗೇ ಬಂದುಬಿಟ್ಟಿತ್ತು. ಅಕ್ಟೋಬರ್ ಎರಡಕ್ಕೆ ಅವನಿಗೆ ಐದು. ಪಾರ್ಕಿನಲ್ಲಿ ಐದರೊಳಗಿನವರಿಗೆ ಪುಕ್ಕಟೆ. ನನ್ನ ತಲೆ ಓಡಿದ್ದು ಅಲ್ಲಿಗೇ.

ಮಗಳು ರುತಾ ಆಗ ಆರು ತಿಂಗಳ ಬಸುರಿ. ಕ್ರಿಸ್‌ಮಸ್ ರಜೆವರೆಗೆ ಕಾಯೋಣ, ಅಷ್ಟರಲ್ಲಿ ಲೂಪೆ ಇನ್ನೊಂಚೂರು ಬೆಳೆಯುತ್ತಾಳೆ ಅಂದಳು. ಅಷ್ಟರಲ್ಲಿ ಇವನಿಗೆ ಟಿಕೆಟ್ ಬೇಕಾಗುತ್ತದಲ್ಲ, ಮನೆಗೆ ಇನ್ನೊಂದು ಕೂಸೂ ಬರುತ್ತದಲ್ಲ, ಆಗ ಯಾರ ಕೈಯಲ್ಲಿ ಹಣ ಉಳಿದಿರುತ್ತದೆ ಎಂದು ನಾನು ಕೇಳಿದೆ. ಅಳಿಯ ಕೋಳಿ ಕಾರ್ಖಾನೆಯಲ್ಲಿ ಶನಿವಾರವೂ ದುಡಿಯುವವನು. ಅವನು ಹೇಗೂ ಬರುವಂತಿರಲಿಲ್ಲ. ನನ್ನ ಮಾತೇ ನಡೆಯಿತು. ನಮ್ಮ ಮನೆಯಲ್ಲಿ ನಡೆಯುವುದೇ ನನ್ನ ಮಾತು. ಸೆಪ್ಟೆಂಬರ್‌ನ ಕೊನೆಯ ಶನಿವಾರ ಎಂದು ನಿಗದಿಯಾಯಿತು.

ಹೋಗುವ ದಿನ ಲೂಪೆಯ ಕೂದಲನ್ನು ನೆತ್ತಿಯ ಮೇಲೆ ಗಂಟು ಕಟ್ಟಿದೆ. ಪಕ್ಕದ ಮನೆಯ ಹುಡುಗಿಯಿಂದ ದಪ್ಪ ಅಟ್ಟೆಯ ಶೂ ಕೇಳಿ ತಂದು ಹಾಕಿಸಿದೆ. ರುತಾ ಆ ಶೂ ನೋಡಿದಳು, ನನ್ನ ಮುಖ ನೋಡಿದಳು. ಐಸ್ ಪೆಟ್ಟಿಗೆಗೆ ಕೋಳಿ, ಶಾವಿಗೆ, ರಾತ್ರಿಯೇ ಫ್ರೀಜರಿನಲ್ಲಿ ಗಟ್ಟಿ ಮಾಡಿದ್ದ ನೀರಿನ ಬಾಟಲಿಗಳು ಹೋದವು. ಬೆಳಿಗ್ಗೆ ಎದ್ದು ಕರಿದ ಪಾನಿಕೆಕೆ ಉಂಡೆಗಳನ್ನು ಬೇರೆ ಡಬ್ಬಿಗೆ ತುಂಬಿದೆ. ಪಾರ್ಕಿನೊಳಗೆ ತಿಂಡಿ ಒಯ್ಯುವಂತಿಲ್ಲ, ಕೊಳ್ಳುವ ಮಾತಂತೂ ಬೇಡವೇ ಬೇಡ. ಮಧ್ಯಾಹ್ನ ಕೈಗೆ ಮುದ್ರೆ ಒತ್ತಿಸಿಕೊಂಡು ಹೊರಗೆ ಬಂದು, ವ್ಯಾನಿನ ಹಿಂದೆ ಚಾಪೆ ಹಾಸಿಕೊಂಡು ಉಣ್ಣುವುದು ಎಂದಾಯಿತು. ಬೊಂಬೆ ಅಂಗಡಿಗಳನ್ನು ದಾಟುವಾಗ ಮಾತ್ರ ಎಚ್ಚರ ಬೇಕು. ಅವು ಅಂಗಡಿಗಳಲ್ಲ, ಪ್ರದರ್ಶನ, ನೋಡಬಹುದು ಅಷ್ಟೆ ಎಂದು ವ್ಯಾನಿನಲ್ಲೇ ಮಕ್ಕಳಿಗೆ ಹೇಳಿಟ್ಟೆ.

ಬಾಗಿಲಲ್ಲೇ ಮೊದಲ ಜಗಳ. ಟಿಕೆಟ್ ಕೊಡುವ ಹುಡುಗಿ ಪೆನಿಯನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು. ಅವನ ಗದ್ದ ಅವಳ ಕಿಟಕಿಯ ಕಟ್ಟೆಯ ಮೇಲೆ ಆರಾಮಾಗಿ ಕೂತಿತ್ತು. ಇವನಿಗೆ ಐದಾಗಿಲ್ಲವೇ ಎಂದು ಕೇಳಿದಳು. ಇನ್ನೂ ಐದು ದಿನ ಇದೆ ಅಂದೆ. ನಕ್ಕಳು. ಎಲ್ಲರೂ ಹಾಗೇ ಹೇಳ್ತಾರೆ ಮೇಡಂ ಅಂದಳು.

ನನಗೆ ನೆತ್ತಿಗೇರಿತು.

"ನೋಡಮ್ಮ, ನಮ್ಮನೇಲಿ ಸುಳ್ಳು ಹೇಳೋ ಬಾಯೇ ಇಲ್ಲ. ಬೇಕಾದ್ರೆ ನಮ್ಮ ಪಾದ್ರಿಗಳಿಗೆ ಫೋನ್ ಮಾಡು, ನಂಬರ್ ಕೊಡ್ತೀನಿ."

ಹಿಂದಿನ ಸಾಲಿನವರೆಲ್ಲ ಕತ್ತೆತ್ತಿ ನೋಡಿದರು. ರುತಾ ನನ್ನ ತೋಳು ಹಿಡಿದು ಎಳೆದಳು. ನಾನು ಹಳೆಯ ಬ್ರೆಡ್ಡಿನ ಕವರಿನಲ್ಲಿ ಸುತ್ತಿ ತಂದಿದ್ದ ಇಬ್ಬರು ಮಕ್ಕಳ ಕೆಂಪು ಪುಸ್ತಕಗಳನ್ನು ತೆಗೆದು ಕಿಟಕಿಯೊಳಗೆ ತಳ್ಳಿದೆ. ಇಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಆಸ್ಪತ್ರೆಯವರು ಅದನ್ನು ಕೊಡುತ್ತಾರೆ. ತೂಕ, ಎತ್ತರ, ಚುಚ್ಚುಮದ್ದು ಎಲ್ಲ ಅದರಲ್ಲಿದೆ. ಹುಡುಗಿ ಪೆನಿಯ ಪುಸ್ತಕ ತೆರೆದು, ಹುಟ್ಟಿದ ತಾರೀಕು ನೋಡಿ, ಅದರ ಕೆಳಗಿದ್ದ ತೂಕ ನೋಡಿ ಬಾಯಿ ತೆರೆದಳು. ನಾಲ್ಕು ಕಿಲೋ ಒಂಬೈನೂರು ಗ್ರಾಂ. ಆಮೇಲೆ ಕ್ಷಮೆ ಕೇಳಿ ಒಳಗೆ ಬಿಟ್ಟಳು.

ಲೂಪೆಯ ಪುಸ್ತಕವನ್ನು ಅವಳು ತೆರೆಯಲಿಲ್ಲ. ಅದರಲ್ಲಿರುವುದು ಒಂದು ಕಿಲೋ ನೂರು ಗ್ರಾಂ. ಹನ್ನೊಂದು ವಾರ ಮುಂಚೆ ಬಂದವಳು. ಎರಡು ತಿಂಗಳು ಗಾಜಿನ ಪೆಟ್ಟಿಗೆಯಲ್ಲಿದ್ದಳು, ನಾನು ಒಂದು ಬೆರಳನ್ನು ಮಾತ್ರ ಒಳಗೆ ಬಿಟ್ಟು ಅವಳ ಕೈ ಮುಟ್ಟುತ್ತಿದ್ದೆ. ನಿಧಾನವಾಗಿ ಎಲ್ಲರ ಸಮ ಆಗುತ್ತಾಳೆ ಎಂದು ನರ್ಸ್ ಹೇಳಿದ್ದಳು. ಆಗುತ್ತಿದ್ದಾಳೆ. ತಮ್ಮನೇ ಮುಂದೆ ಓಡುತ್ತಿದ್ದಾನೆ, ಏನು ಮಾಡುವುದು.

ಬೆಳಗಿನ ಹೊತ್ತು ಚೆನ್ನಾಗಿಯೇ ಕಳೆಯಿತು. ತಿರುಗುವ ಬಟ್ಟಲು, ದೋಣಿ, ಗಿಳಿಗಳ ಆಟ, ಯಾವುದನ್ನೂ ಬಿಡಲಿಲ್ಲ. ಕೊಟ್ಟ ದುಡ್ಡು ವಸೂಲಾಗಬೇಕಲ್ಲ ಎಂದು ದೋಣಿಯನ್ನು ಮೂರು ಸಲ ಹತ್ತಿಸಿದೆ. ಲೂಪೆ ಎಲ್ಲದರಲ್ಲೂ ಕೂತಳು, ಆದರೆ ಕಣ್ಣು ಮಾತ್ರ ಮರಗಳ ಮೇಲೆ ಕಾಣುವ ಆ ರೈಲಿನ ಬೆನ್ನಿನ ಮೇಲೇ ಇತ್ತು. ಊಟಕ್ಕೆ ಹೊರಗೆ ಬಂದಾಗ ಪಾನಿಕೆಕೆ ಬೇಡ ಅಂದಳು. ಹೊಟ್ಟೆ ತುಂಬಿದ್ದರೆ ಮೇಲೆ ವಾಂತಿಯಾಗುತ್ತದಂತೆ. ಅವಳ ಪಾಲನ್ನು ಪೆನಿ ಮುಗಿಸಿದ.

ಶಾರ್ಕ್ ರೈಲಿನ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತೆವು. ಬಸುರಿಯರನ್ನು ಹತ್ತಿಸುವುದಿಲ್ಲವಾದ್ದರಿಂದ ಮಕ್ಕಳ ಜೊತೆ ಕೂರಬೇಕಾದವಳು ನಾನು. ರುತಾ ಸುಮ್ಮನೆ ಜೊತೆಗೆ ನಿಂತಿದ್ದಳು. ಸಾಲಿನ ತುದಿಯಲ್ಲಿ ಮರದ ಪೆಲಿಕನ್ ಹಕ್ಕಿ ಒಂದು ರೆಕ್ಕೆ ಚಾಚಿ ನಿಂತಿದೆ. ತಲೆ ಆ ರೆಕ್ಕೆಗೆ ತಾಗಬೇಕು. ಪಕ್ಕದಲ್ಲಿ ಎತ್ತರ ನೋಡಿ ಒಳಗೆ ಬಿಡುತ್ತಿದ್ದ ಹುಡುಗನ ಎದೆಯ ಮೇಲೆ ಸೆಮಿಸಿ ಎಂದು ಹೆಸರಿತ್ತು. ಟೋಂಗಾದವನು, ನಮ್ಮ ಕಡಲಿನವನೇ. ಒಳಗೊಳಗೇ ಖುಷಿಯಾಯಿತು.

ಪೆನಿಯ ತಲೆ ರೆಕ್ಕೆಗೆ ಬಡಿಯಿತು. ಲೂಪೆ ಉಸಿರು ಬಿಗಿಹಿಡಿದು ನಿಂತಳು. ಕೂದಲ ಗಂಟು ರೆಕ್ಕೆಗೆ ತಾಗಿತು. ಸೆಮಿಸಿ ಬಗ್ಗಿ ನೋಡಿ, ಶೂ ಬಿಚ್ಚುತ್ತೀಯಾ ಪುಟ್ಟಿ ಎಂದು ಮೆಲ್ಲಗೆ ಕೇಳಿದ. ಬಿಚ್ಚಿದಳು. ಗಂಟಿನ ಮೇಲೆ ಅಂಗೈಯಿಟ್ಟು ಹಗುರವಾಗಿ ಒತ್ತಿದ. ತಲೆಗೂ ರೆಕ್ಕೆಗೂ ನಡುವೆ ನನ್ನ ಕಿರುಬೆರಳು ಹಿಡಿಸುವಷ್ಟು ಜಾಗ ಉಳಿಯಿತು.

ನಾನು ಬಿಡುವವಳೇ? ನೀನು ಯಾರ ಮಗನಪ್ಪ, ಯಾವ ಚರ್ಚು, ನಿಮ್ಮಮ್ಮನ ಹೆಸರೇನು ಎಂದು ಶುರುಮಾಡಿದೆ. ಎಲ್ಲದಕ್ಕೂ ಕಣ್ಣು ತಗ್ಗಿಸಿ ಉತ್ತರ ಕೊಟ್ಟ. ಚರ್ಚು ನಮ್ಮದರಿಂದ ಎರಡೇ ಬೀದಿ ಆಚೆ. ಹಾಗಾದರೆ ನಿಮ್ಮಜ್ಜಿಯಂಥವಳು ಕೇಳುತ್ತಿದ್ದೇನೆ, ಒಂದು ಬೆರಳಿಗೆ ಯಾಕೆ ಹಟ ಎಂದೆ.

"ಆಂಟಿ, ಆ ಬೆಲ್ಟು ಇವಳ ಭುಜಕ್ಕೆ ಸರಿಯಾಗಿ ಹಿಡಿಯಲ್ಲ. ಮೇಲೆ ಏನಾದ್ರೂ ಆದ್ರೆ ನಾನು ನಿಮ್ಮ ಮುಖ ಹೇಗೆ ನೋಡ್ಲಿ?"

ಒಳ್ಳೆಯ ತಾಯಿಯ ಮಗ, ಅದೇ ನನಗೆ ಕೋಪ.

ಲೂಪೆ ಅಳಲಿಲ್ಲ. ಕೂತು ಶೂ ಹಾಕಿಕೊಂಡು, ಎರಡೂ ದಾರಗಳನ್ನು ನೀಟಾಗಿ ಕಟ್ಟಿದಳು. ಪೆನಿ ಅವಳ ಪಕ್ಕ ನೆಲದ ಮೇಲೆ ಕೂತು, ಅಕ್ಕ ಹೋಗದಿದ್ದರೆ ನಾನೂ ಹೋಗುವುದಿಲ್ಲ ಅಂದ. ನಮ್ಮಲ್ಲಿ ಅಕ್ಕತಂಗಿಯರನ್ನು ಹಿಂದಿಟ್ಟು ಹುಡುಗರು ಮುಂದೆ ಹೋಗುವಂತಿಲ್ಲ. ಅದನ್ನು ಅವನಿಗೆ ಕಲಿಸಿದವಳು ನಾನೇ. ಹೆಮ್ಮೆಯಾಯಿತು, ನಡೆಯಿರಿ ಮನೆಗೆ ಅನ್ನುವವಳಿದ್ದೆ. ಅಷ್ಟರಲ್ಲಿ ಲೂಪೆ ಅವನ ಕಡೆ ತಿರುಗಿದಳು.

"ನೀನು ಹೋಗು. ಅಜ್ಜಿ ಜೊತೆ ಹೋಗು. ಮೇಲಿಂದ ಏನೇನ್ ಕಾಣುತ್ತೋ ಎಲ್ಲ ನೋಡ್ಕೊಂಡು ಬಂದು ನಂಗೆ ಹೇಳು. ಕಣ್ಣು ಮುಚ್ಚಿದ್ಯೋ, ನೋಡು ಮತ್ತೆ."

ಅಕ್ಕನ ಅಪ್ಪಣೆಯಾದ ಮೇಲೆ ಮುಗಿಯಿತು. ಅವನು ಎದ್ದ.

ನನ್ನನ್ನು ಆ ಸೀಟಿನಲ್ಲಿ ಕೂರಿಸಿ ಸಲಾಕೆ ಮುಚ್ಚಲು ಸೆಮಿಸಿಯ ಜೊತೆ ಇನ್ನೊಬ್ಬ ಬರಬೇಕಾಯಿತು. ಏರುವ ಉದ್ದಕ್ಕೂ ದೇವರನ್ನು ಕರೆದೆ. ತುದಿಯಲ್ಲಿ ನಿಂತಾಗ ಕಣ್ಣು ಬಿಟ್ಟೆ. ಎದುರಿಗೆ ಇಡೀ ಸಮುದ್ರವಿತ್ತು. ಎತ್ತರದ ಕಟ್ಟಡಗಳ ಆಚೆ, ದಡದ ಬಿಳಿ ಗೆರೆಯ ಆಚೆ, ಕಣ್ಣು ಹರಿಯುವಷ್ಟೂ ನೀರು. ಅದೇ ನೀರಿನ ಆ ತುದಿಯಲ್ಲಿ ನಾನು ಹುಟ್ಟಿದ ಊರಿದೆ. ಪೆನಿ ನನ್ನ ಕೈ ಹಿಡಿದು, ಅಜ್ಜಿ ಸಮುದ್ರ, ಅಜ್ಜಿ ಹಡಗು ಅನ್ನುತ್ತಿದ್ದ. ಆಮೇಲೆ ಬಿದ್ದೆವು. ಆ ಬೀಳುವುದರ ಬಗ್ಗೆ ನಾನು ಮಾತಾಡುವುದಿಲ್ಲ.

ಕೆಳಗೆ ಕಂಬಿ ಬೇಲಿಯ ಹತ್ತಿರ ರುತಾ ಮತ್ತು ಲೂಪೆ ಕಾಯುತ್ತಿದ್ದರು. ಪೆನಿ ತೂರಾಡಿಕೊಂಡು ಅಕ್ಕನ ಮುಂದೆ ಹೋಗಿ ನಿಂತ. ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದ.

"ಏನೂ ಕಾಣಲ್ಲ ಅಕ್ಕ. ಬರೀ ಕಾರ್ ಪಾರ್ಕು. ಚೆನ್ನಾಗೇ ಇಲ್ಲ ಅದು."

ನಾಲ್ಕು ವರ್ಷದವನು. ಯಾರೂ ಹೇಳಿಕೊಟ್ಟಿದ್ದಲ್ಲ. ರುತಾ ಮುಖ ಆಚೆ ತಿರುಗಿಸಿದಳು. ಲೂಪೆ ಅವನನ್ನು ಬಿಟ್ಟು ನನ್ನ ಕಡೆ ಬಂದಳು.

"ನಮ್ಮನೇಲಿ ಸುಳ್ಳು ಹೇಳೋ ಬಾಯಿ ಇಲ್ಲ ಅಂದ್ಯಲ್ಲ ಅಜ್ಜಿ. ನೀನ್ ಹೇಳು."

ಕಾರ್ ಪಾರ್ಕೂ ಕಂಡಿತ್ತು. ನಮ್ಮ ವ್ಯಾನೂ ಕಂಡಿತ್ತು. ಅಷ್ಟನ್ನೇ ಹೇಳಿದ್ದರೆ ಸುಳ್ಳಾಗುತ್ತಿರಲಿಲ್ಲ, ಸಾಲಿನಲ್ಲಿ ನಿಂತ ಯಾವ ಅಜ್ಜಿಯಾದರೂ ಅದನ್ನೇ ಹೇಳುತ್ತಿದ್ದಳು. ರುತಾ ಕಣ್ಣಲ್ಲೇ ಬೇಡ ಅಂದಳು. ನಾನು ಬೆಂಚಿನ ಮೇಲೆ ಕೂತು, ಸಮುದ್ರ ಕಾಣುತ್ತದೆ ಅಂದೆ. ಇಡೀ ಸಮುದ್ರ. ಒಂದು ಹಡಗೂ ಇತ್ತು. ತುಂಬಾ ಚೆನ್ನಾಗಿದೆ.

ಲೂಪೆ ತಲೆಯಾಡಿಸಿದಳು. ಅದು ಅವಳಿಗೆ ಗೊತ್ತೇ ಇತ್ತಂತೆ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, ಅಮ್ಮನಿಗೆ ಕೇಳಿಸದ ಹಾಗೆ, ತಪ್ಪು ನನ್ನದೇ ಅಂದಳು. ಎರಡು ದಿನ ಮೊಟ್ಟೆ ತಿನ್ನದೆ ನಾಯಿಗೆ ಹಾಕಿದ್ದಳಂತೆ. ಆ ಎರಡು ಮೊಟ್ಟೆ ತಿಂದಿದ್ದರೆ ಒಂದು ಬೆರಳು ಬೆಳೆದುಬಿಡುತ್ತಿದ್ದಳಂತೆ.

ನನ್ನ ಎದೆ ಒಡೆದುಹೋಯಿತು. ಇದಕ್ಕಿಂತ ಬೇರೆ ಮಾತು ನನಗೆ ಗೊತ್ತಿಲ್ಲ.

"ನೀನು ಬೆಳೀಲಿಲ್ಲ ಅಂತಲ್ಲ ಕಂದ. ನಾನು ಕಾಯಲಿಲ್ಲ."

ಎಲ್ಲವನ್ನೂ ಹೇಳಿದೆ. ಬಿಳಿ ಬಟ್ಟೆಗೆ ಅಳತೆ ತೆಗೆದಾಗಲೇ ನನಗೆ ಗೊತ್ತಿತ್ತು, ಪೆನಿಯ ಟಿಕೆಟ್ ಉಳಿಸಲು ಈ ದಿನ ಆರಿಸಿದೆ, ಹೇಗೋ ಆಗುತ್ತದೆ ಎಂದು ಶೂ ಹಾಕಿಸಿದೆ, ನಿಮ್ಮಮ್ಮ ಕಾಯೋಣ ಅಂದಿದ್ದಳು ಎಂದೆ. ಏಳು ವರ್ಷದವಳ ಮುಂದೆ ಐವತ್ತೊಂಬತ್ತರ ನಾನು ತಲೆತಗ್ಗಿಸಿ ಕೂತಿದ್ದೆ. ಅವಳು ಕಾಲಿನ ಕಡೆ ನೋಡಿದಳು.

"ಹಂಗಾದ್ರೆ ಶೂನೂ ಸುಳ್ಳೇ."

ಹೌದು ಅಂದೆ.

"ನಾಯಿಗೆ ಮೊಟ್ಟೆ ಹಾಕಿದ್ದಕ್ಕಲ್ವಾ?"

ಅಲ್ಲ ಅಂದೆ.

ಆಗ ಅತ್ತಳು. ಜೋರಾಗಿ, ನನ್ನ ಮಡಿಲಲ್ಲಿ ಮುಖವಿಟ್ಟು, ಸಾಲಿನವರೆಲ್ಲ ತಿರುಗಿ ನೋಡುವ ಹಾಗೆ. ಅಳಲಿ ಬಿಡು ಎಂದು ರುತಾಗೆ ಕೈಸನ್ನೆ ಮಾಡಿದೆ. ಅಕ್ಕ ಅಳುವುದನ್ನು ನೋಡಿ ಪೆನಿಯೂ ಶುರುಮಾಡಿದ, ತಾನೂ ಸುಳ್ಳು ಹೇಳಿದೆ ಎಂದು ಬಿಕ್ಕುತ್ತಾ ಒಪ್ಪಿಕೊಂಡ. ಲೂಪೆ ಮೂಗು ಒರೆಸಿಕೊಂಡು ಅವನ ತಲೆಗೊಂದು ಮೊಟಕಿ, ಪಕ್ಕದಲ್ಲಿ ಕೂರಿಸಿಕೊಂಡಳು.

ಮನೆಗೆ ಹೋಗುವಾಗ ವ್ಯಾನಿನ ಹಿಂದಿನ ಸೀಟಿನಿಂದ ಕ್ರಿಸ್‌ಮಸ್‌ಗೆ ಎಷ್ಟು ದಿನ ಎಂದು ಕೇಳಿದಳು. ಹೇಳಿದೆ. ಆಗ ಮತ್ತೆ ಬರೋಣವಾ ಎಂದಳು. ಬರೋಣ ಅಂದೆ. ಪೆನಿಯೂ ಬರಬೇಕು, ಅವನೇ ಪಕ್ಕದಲ್ಲಿ ಕೂರಬೇಕು ಅಂದಳು. ಸರಿ ಅಂದೆ.

"ಅವನಿಗಾಗ ಐದು ಅಜ್ಜಿ. ಟಿಕೆಟ್ ತಗೋಬೇಕು. ಕೆಂಪು ಪುಸ್ತಕ ತರ್ಬೇಡ."

ರುತಾ ಸ್ಟೀರಿಂಗ್ ಹಿಡಿದುಕೊಂಡೇ ನಕ್ಕಳು, ಬಹಳ ಹೊತ್ತು ನಕ್ಕಳು. ನಾನು ಮುಖ ಊದಿಸಿಕೊಂಡು ಕಿಟಕಿ ಕಡೆ ತಿರುಗಿ ಕೂತೆ.

ಸೋಮವಾರ ಲೂಪೆಯ ಬಿಳಿ ಲಂಗ ಮುಗಿಸಲು ಕೂತೆ. ಅಂಚಿಗೆ ಮಾಮೂಲಾಗಿ ಎರಡು ಬೆರಳು ಬಟ್ಟೆ ಮಡಿಸುತ್ತೇನೆ, ಅಷ್ಟು ಸಾಕು. ಈ ಸಲ ನಾಲ್ಕು ಬೆರಳು ಮಡಿಸಿ, ಬೇಕಾದಾಗ ಬಿಚ್ಚಲು ಬರುವ ಹಾಗೆ ಸಡಿಲವಾಗಿ ಹೊಲಿದೆ.