ಹಿಮ್ಮಡಿಯ ಕುಳಿ

ಒಣಗಿದ ಪರದೆಯ ವಾಸನೆ ಬೇರೆ, ಒದ್ದೆ ಪರದೆಯ ವಾಸನೆ ಬೇರೆ — ಈಗ ಮೂಗಿಗೆ ಬಂದದ್ದು ಒಣಗಿದ್ದು, ದಿನವೆಲ್ಲ ಬಿಸಿಲು ಕುಡಿದ ಬಟ್ಟೆಯದು, ಹೊತ್ತು ಮುಳುಗುತ್ತಿದೆ, ಇನ್ನು ನೀರು ಹೊಡೆಯಬೇಕು ಎಂದುಕೊಂಡಳು ದುರುಗವ್ವ, ಕೊಡ ಸೊಂಟಕ್ಕೆ ಒತ್ತುತ್ತಿದೆ, ಒಂದೇ ಕೊಡ, ಈ ಬೇಸಿಗೆಗೆ ಕುಷ್ಟಗಿಯ ಬಾವಿ ತಳ ಕಂಡಿದೆ, ಹಗ್ಗ ಎಳೆದು ಎಳೆದು ಅಂಗೈ ಉರಿಯುತ್ತಿದೆ, ಇಷ್ಟನ್ನೇ ಬೇವಿನ ತೊಪ್ಪಲಿನಿಂದ ಚಿಮುಕಿಸಿ ಪರದೆ ಪೂರಾ ತೋಯಿಸಬೇಕು, ತೋಯ್ದರೆ ತಾನೇ ಆ ಕಡೆಯ ಮಿಶಿನ್ನಿನ ಬೆಳಕು ಬಟ್ಟೆ ದಾಟಿ ಈ ಕಡೆ ಕೂತ ಹೆಂಗಸರಿಗೆ ಚಿತ್ರ ಕಾಣುವುದು, ಮುಂದೆ ಗಂಡಸರು, ಹಿಂದೆ ಹೆಂಗಸರು, ನಡುವೆ ಒಂದು ಬಟ್ಟೆ, ಈ ಸಿನೆಮಾ ಟೆಂಟು ಸೇರಿದಂದಿನಿಂದ ಇದೇ ಕೆಲಸ, ಇವತ್ತಿಗೆ ಮುಗಿಯಿತು. ಮಧ್ಯಾಹ್ನ ಟೆಂಟಿನ ಮಾಲಕ ಕೊಟ್ರಬಸಪ್ಪ ಎಲೆ ಅಡಿಕೆ ಮೆಲ್ಲುತ್ತ ಹೇಳಿದನಲ್ಲ, ಯಲಬುರ್ಗಾದಾಗ ಹೊಸ ಪರದಿ ಕಟ್ತೀವಿ ದುರುಗವ್ವ, ಇನ್ನ ಮಾತಾಡೋ ಸಿನೆಮಾ, ಪರದಿ ಹಿಂದ ಮಾತಿನ ಪೆಟಗಿ ಕುಂದ್ರತೈತಿ, ಹೆಂಗಸರೂ ಮುಂದ ಬರ್ತಾರ, ನೀರಿನ ಕೆಲಸ ಇಲ್ಲ, ಹಂಗಂತ ನೀ ಎಲ್ಲೂ ಹೋಗಬ್ಯಾಡ, ಕಸಾ ಹೊಡಕೋತ ಇರು — ಒಳ್ಳೆಯ ಮನುಷ್ಯ, ಹೊಟ್ಟೆಗೆ ಎಂದೂ ಕಡಿಮೆ ಮಾಡಿದವನಲ್ಲ, ಆದರೆ ಅವಳ ಕಿವಿಯಲ್ಲಿ ಉಳಿದದ್ದು ಒಂದೇ ಮಾತು, ಪರದೆಯ ಹಿಂದೆ ಪೆಟ್ಟಿಗೆ, ಮಗಳು ಪಕ್ಕಿ ಕುಣಿದ ಜಾಗದಲ್ಲಿ ಪೆಟ್ಟಿಗೆ, ಆಗ ಬಾಯಿ ತಾನಾಗಿ ಕೇಳಿತ್ತು, ಆ ಜಾರೋ ಹೆಣಮಗಳದು ಒಂದ ಸಲ ಹಾಕ್ರಿ ಯಪ್ಪಾ, ಆಖರಿ, ಅವನು ನಕ್ಕ, ಅದು ಸವದು ನೂಲಾಗೇತಿ, ಯಾರು ನೋಡ್ತಾರವ್ವ, ಎಂದವನು ಅವಳ ಮುಖ ನೋಡಿ, ಆತು, ಮೊದಲಿಗೆ ಹಾಕ್ತೀನಿ ಬಿಡು ಎಂದ.

ಜಾರುವ ಹೆಣ್ಣುಮಗಳು, ಒಬ್ಬ ಬಿಳಿ ಹೆಂಗಸು, ಯಾವ ದೇಶದವಳೋ ಯಾರ ಮಗಳೋ, ಮೊಳಕಾಲಿನ ತನಕ ಲಂಗ, ಬೂಟಿನಡಿ ಈಳಿಗೆಯಂಥ ಅಲಗು, ಬೆಳ್ಳನೆ ನೆಲದ ಮೇಲೆ ಸುಂಯ್ ಎಂದು ಬರುತ್ತಾಳೆ, ಒಂದು ಕಾಲು ಹಿಂದಕ್ಕೆ ಎತ್ತುತ್ತಾಳೆ, ನಿಂತಲ್ಲೇ ಗಿರಗಿರ ತಿರುಗುತ್ತಾಳೆ, ಅಷ್ಟರಲ್ಲಿ ಮುಗಿದೇಹೋಗುತ್ತದೆ, ದೊಡ್ಡ ಚಿತ್ರಕ್ಕೆ ಮೊದಲು ಜನ ಬಂದು ಕೂರುವ ತನಕ ಹಾಕುತ್ತಿದ್ದ ಸಣ್ಣ ತುಂಡು. ಅದು ನೀರು, ಆ ದೇಶದ ಚಳಿಗೆ ಕಲ್ಲಾಗೇತಿ ಎಂದು ಕೊಟ್ರಬಸಪ್ಪ ಹೇಳಿದರೆ ದುರುಗವ್ವ ನಂಬಲಿಲ್ಲ, ಹಿಟ್ನಾಳದ ಬಿಸಿಲಲ್ಲಿ ಬೆಳೆದವಳು, ನೀರು ಬತ್ತುವುದನ್ನು ಕಂಡಿದ್ದಾಳೆ, ಕಲ್ಲಾಗುವುದೆಲ್ಲಿಂದ ಬಂತು. ಇದ್ದದ್ದು ಒಂದೇ ತುಂಡು, ಆದರೂ ಒಂದೊಂದು ಊರಿನಲ್ಲಿ ಒಂದೊಂದು ಆಟ, ಯಲಬುರ್ಗಾದಲ್ಲಿ ಗಾಳಿಯೆದ್ದು ಪರದೆ ಉಬ್ಬಿ ಆಕೆ ದಿನ ತುಂಬಿದ ಬಸುರಿಯ ಹಾಗೆ ಜಾರಿದಳು, ಹೆಂಗಸರೆಲ್ಲ ಬಾಯಿಗೆ ಸೆರಗು ತುರುಕಿಕೊಂಡು ನಕ್ಕರು, ಗಂಗಾವತಿಯಲ್ಲಿ ಗದ್ದೆಯ ಹುಳುಗಳು ಬೆಳಕಿಗೆ ಮುತ್ತಿ ಲಂಗದ ತುಂಬ ಹುಳು, ಕೊಡವಿಕೊಳ್ಳದೆ ತಿರುಗಿದಳು ಪುಣ್ಯಾತ್ಗಿತ್ತಿ, ಕೊಪ್ಪಳದಲ್ಲಿ ಮಳೆ ಹನಿದು ಪರದೆ ತಾನೇ ತೋಯ್ದಿತ್ತು — ಅದು, ಅದು ಎಲ್ಲಕ್ಕಿಂತ ಛಲೋ ಆಟ, ಅಂದು ಕೈಗೆ ಬಿಡುವು, ದುರುಗವ್ವ ಕಾಲು ಚಾಚಿ ಕೂತು ಕಣ್ತುಂಬ ನೋಡಿದ್ದಳು, ಬಿಳಿ ಹೆಂಗಸನ್ನಲ್ಲ, ಪಕ್ಕಿಯನ್ನು.

ಪಕ್ಕೀರವ್ವ, ಒಬ್ಬಳೇ ಮಗಳು, ಎಂಟರ ಪೋರಿ, ಪರದೆ ದಾಟಿ ಬಂದ ಬೆಳಕಿನಲ್ಲಿ, ಪರದೆಯಿಂದ ತೊಟ್ಟಿಕ್ಕಿದ ನೀರಿನ ಕೆಸರಿನಲ್ಲಿ, ಆಕೆ ಕಾಲೆತ್ತಿದರೆ ಇವಳೂ ಎತ್ತುವಳು, ಆಕೆ ತಿರುಗಿದರೆ ಇವಳೂ ಒಂದೇ ಹಿಮ್ಮಡಿಯ ಮೇಲೆ ತಿರುಗುವಳು, ಮುಂದಿನ ಗಂಡಸರಿಗೆ ಇವಳು ಕಾಣುತ್ತಲೇ ಇರಲಿಲ್ಲ, ಹಿಂದಿನ ಹೆಂಗಸರು ಏ ಕುಂದರs ಹುಡುಗಿ ಎಂದು ಬಯ್ಯುತ್ತಲೇ ಇವಳನ್ನೇ ನೋಡುವರು. ತಿರುಗಿದಲ್ಲಿ ನೆಲದಲ್ಲೊಂದು ಕುಳಿ ಬೀಳುತ್ತಿತ್ತು, ಲಿಂಬೆಹಣ್ಣಿನಷ್ಟು, ಟೆಂಟು ಕಿತ್ತು ಗಾಡಿಗೆ ಹೇರಿದ ಮೇಲೆ ಬಯಲಿನಲ್ಲಿ ಅದೊಂದೇ ಉಳಿಯುತ್ತಿತ್ತು, ಹಿಮ್ಮಡಿಯ ಕುಳಿ. ಮತ್ತೆ ಆ ಹುಚ್ಚು ಹುಡುಗಿಯ ತಲೆಯಲ್ಲಿ ಹೊಕ್ಕಿದ್ದೇನು, ಅವ್ವ ಹೊಡೆಯುವ ನೀರಿನ ಮೇಲೆಯೇ ಆಕೆ ಜಾರುವುದು ಎಂದು, ನೀ ಛಲೋತ್ನ್ಯಾಗ ನೀರು ಹೊಡೀಬೇ ಯವ್ವಾ, ಇಲ್ಲಂದ್ರ ಆಕಿ ಬೀಳತಾಳ, ದುರುಗವ್ವ ನಕ್ಕು ಇನ್ನೊಂದು ಕೊಡ ಜಾಸ್ತಿಯೇ ಹೊಡೆಯುತ್ತಿದ್ದಳು, ಮಗಳ ಮಾತು, ಬೀಳಬಾರದಲ್ಲ ಪಾಪ.

ಆ ವರ್ಷವೂ ಇದೇ ಕುಷ್ಟಗಿ, ಇದೇ ಬಯಲು, ಪಕ್ಕಿ ಕುಣಿದದ್ದು ಪರದೆಯ ಎಡಗಂಬದ ಹತ್ತಿರ. ಮರುದಿನ ಮುಂಜಾನೆ ವಾಂತಿ, ಹೊತ್ತೇರುವುದರೊಳಗೆ ಭೇದಿ, ಊರಲ್ಲಿ ಕಾಲರಾ ಎಂದು ಆಮೇಲೆ ಗೊತ್ತಾಯಿತು, ಗಾಡಿಯೊಳಗೆ ಗೋಣಿಯ ಮೇಲೆ ಮಲಗಿಸಿದ್ದರು, ಕಣ್ಣು ಒಳಗೆ ಹೋಗಿತ್ತು, ನೀರು ಕೊಡಬೇ ಯವ್ವಾ, ಇಷ್ಟ, ಇಷ್ಟs ಇಷ್ಟು, ಹೆಂಗಸರ ಬಾಗಿಲು ಕಾಯುವ ಲಾಲಬೀ ಕೈ ಹಿಡಿದುಕೊಂಡಳು, ನೀರ ಕೊಡಬ್ಯಾಡ ದುರುಗವ್ವ, ನೀರ ಕೊಟ್ರ ಬ್ಯಾನಿ ಏರತೈತಿ, ತುಟಿ ಒದ್ದಿ ಮಾಡು ಸಾಕು, ಲಾಲಬೀ ಕೆಟ್ಟವಳಲ್ಲ, ಎಲ್ಲರೂ ಹಾಗೇ ಹೇಳುತ್ತಿದ್ದರು, ದುರುಗವ್ವ ಹೇಮಗುಡ್ಡದ ದೇವಿಗೆ ಹರಕೆ ಹೊತ್ತಳು, ಸೆರಗಿನ ತುದಿ ತೋಯಿಸಿ ತುಟಿಗೆ ಒತ್ತಿದಳು, ಮಗು ಸೆರಗನ್ನೇ ಚೀಪಿತು — ಅಯ್ಯೋ, ಸೆರಗನ್ನು ಚೀಪಿತು. ಸಂಜೆಗೆ ಕೊಟ್ರಬಸಪ್ಪ ಬಂದು, ಬ್ಯಾಡ, ಇವತ್ತ ಯಾರರ ನೀರು ಹೊಡೀತಾರ, ನೀ ಇಲ್ಲೇ ಇರು ಎಂದಾಗ ಒಳಗಿನಿಂದ ಪಕ್ಕಿಯದೇ ದನಿ, ಹೋಗಬೇ, ಆಕಿ ಬೀಳತಾಳ, ಹೋಗದಿದ್ದರೆ ಅಳುತ್ತಾಳೆಂದು ಹೋದಳು, ಕೊಡಗಟ್ಟಲೆ ಹೊಡೆದಳು, ಪರದೆ ಧಾರೆಯಾಗಿ ಸುರಿಯಿತು, ಹಾಳಾದವಳು ಅಷ್ಟು ಚಂದ ಎಂದೂ ಜಾರಿರಲಿಲ್ಲ, ಕನ್ನಡಿಯಂಥ ಚಿತ್ರ, ಹೆಂಗಸರು ಉಸಿರು ಹಿಡಿದು ನೋಡಿದರು, ಅದನ್ನು ಹೇಳಬೇಕೆಂದು ಗಾಡಿಗೆ ಓಡಿ ಬಂದರೆ ಲಾಲಬೀ ಮಗುವಿನ ಮುಖದ ಮೇಲೆ ಬಟ್ಟೆ ಎಳೆಯುತ್ತಿದ್ದಳು. ಬೆಳಗ್ಗೆ ಮಣ್ಣು ಮಾಡಿ ಬಂದು ನೋಡಿದರೆ ಎಡಗಂಬದ ಹತ್ತಿರ ಮೊನ್ನೆ ರಾತ್ರಿ ಪಕ್ಕಿ ಕುಣಿದ ಕುಳಿ ಹಾಗೇ ಇತ್ತು, ಲಿಂಬೆಹಣ್ಣಿನಷ್ಟು, ಅದರ ತುಂಬ ನೀರು. ಕೊಟ್ಟಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ ಯಾರಿಗೆ ಗೊತ್ತು, ಬಾಯಾರಿ ಹೋಗುತ್ತಿರಲಿಲ್ಲ, ಅಷ್ಟು ಮಾತ್ರ ಖರೆ.

ಏ ನೀರಿನವ್ವ, ಎಲ್ಲಿ ನಿಂತೀಬೇ, ಹಚ್ಯಾರ ನೋಡು — ಹೆಂಗಸರು ಕೂಗುತ್ತಿದ್ದಾರೆ, ಮಿಶಿನ್ನಿನ ಟರಟರ ಶುರುವಾಗಿದೆ, ಒಣ ಪರದೆಯ ಮೇಲೆ ಮಸುಕು ಮಸುಕು ಬೆಳಕು, ಅದರಲ್ಲಿ ಎಲ್ಲೋ ಆಕೆ ಬರುತ್ತಿದ್ದಾಳೆ, ಹೊಡೆಯಬೇಕು, ಹೊಡೆದರೆ ಆಕೆ ಕಾಣುತ್ತಾಳೆ, ಆಕೆ ಕಂಡರೆ ಬೆಳಕಿನಲ್ಲಿ ಪಕ್ಕಿ ಎದ್ದು ಬರುತ್ತಾಳೆ, ಇಷ್ಟು ವರ್ಷ ಈ ಟೆಂಟಿನ ಹಿಂದೆ ಊರೂರು ತಿರುಗಿದ್ದು ಅದಕ್ಕಲ್ಲದೆ ಮತ್ತೇತಕ್ಕೆ, ಬೇವಿನ ತೊಪ್ಪಲು ಕೊಡದಲ್ಲಿ ಅದ್ದಿದ್ದಾಳೆ, ಕೈ ಮೇಲೆ ಏಳುತ್ತಿಲ್ಲ, ಒಂದೇ ಕೊಡ, ನೀರು ಕೊಡಬೇ ಯವ್ವಾ, ಇಷ್ಟs ಇಷ್ಟು — ತೊಪ್ಪಲು ಬಿಸಾಡಿದಳು, ಎಡಗಂಬದ ಹತ್ತಿರ ಹೋಗಿ ಒಣ ನೆಲವನ್ನು ಹಿಮ್ಮಡಿಯಿಂದ ಕೆದರಿದಳು, ತಿರುವಿ ತಿರುವಿ ಕೆದರಿದಳು, ಕೊಡ ಬಾಗಿಸಿದಳು. ಏನ ಮಾಡಾಕತ್ತೀಯೇ, ಪರದಿಗೆ ಹೊಡಿ, ನಮಗೇನೂ ಕಾಣವಲ್ದು, ಯಾರೋ ರಟ್ಟೆ ಹಿಡಿದು ಎಳೆದರು, ಲಾಲಬೀಯ ದನಿ, ಬಿಡ್ರಿ, ಆಕಿನ್ನ ಬಿಡ್ರಿ, ಆ ಕಡೆ ಗಂಡಸರು ಸಿಳ್ಳೆ ಹೊಡೆಯುತ್ತಿದ್ದಾರೆ, ಚಪ್ಪಾಳೆ, ಹಾಗಾದರೆ ಆಕೆ ಕಾಲೆತ್ತಿದಳು, ತಿರುಗಿದಳು, ಮತ್ತೂ ಚಪ್ಪಾಳೆ, ಬೀಳಲಿಲ್ಲ, ಪಕ್ಕಿ, ಕೇಳಿದೇನವ್ವ, ನೀರಿಲ್ಲದೆಯೂ ಆಕೆ ಬೀಳಲಿಲ್ಲ, ಎಂದೂ ಬೀಳುತ್ತಿರಲಿಲ್ಲ, ಕುಳಿ ತುಂಬಿತು, ಇಂಗಿತು, ಮತ್ತೆ ಹಾಕಿದಳು, ಇಂಗಿತು, ಕುಡಿ ನನ್ನವ್ವ, ಮತ್ತೆ ಹಾಕಿದಳು, ಲಿಂಬೆಹಣ್ಣಿನಷ್ಟು ಕುಳಿ, ಇಂಗಿತು, ಮತ್ತೆ — ಲಿಂಬೆಹಣ್ಣಿನಷ್ಟು ಕುಳಿ —